ಕಾಡಂಚಿನ ದಾರಿಯಲ್ಲಿ ಸೈಕಲ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಕೊಡಗಿನ ರಸ್ತೆಗಳಲ್ಲಿ ಸೈಕಲ್ ತುಳಿಯುವ ಬಗ್ಗೆ ಬರುವ ಪತ್ರಗಳು ಮಳೆಗಾಲ ಮುಗಿಯುತ್ತಿದ್ದಂತೆ ಹೆಚ್ಚಾಗುತ್ತವೆ. ಈ ಬಾರಿ ಬಂದವುಗಳಲ್ಲಿ ಆರನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಮೊದಲ ಎರಡು ಪ್ರಶ್ನೆಗಳು ಹತ್ತಾರು ಮಂದಿ ಬೇರೆ ಬೇರೆ ಮಾತುಗಳಲ್ಲಿ ಕೇಳಿರುವಂಥವು. ಆದ್ದರಿಂದ ಅವುಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಾವು ಮೂವರು ಗೆಳೆಯರು, ಐವತ್ತರ ಆಸುಪಾಸಿನವರು. ಹುಣಸೂರಿನಿಂದ ವೀರನಹೊಸಹಳ್ಳಿ, ನಾಗರಹೊಳೆ ಮಾರ್ಗವಾಗಿ ಕುಟ್ಟಕ್ಕೆ ಸೈಕಲ್‌ನಲ್ಲಿ ಹೋಗಬೇಕೆಂಬುದು ನಮ್ಮ ಬಹುದಿನದ ಆಸೆ. ಆ ದಾರಿಯಲ್ಲಿ ವಾಹನ ಕಡಿಮೆ, ನೆರಳು ಹೆಚ್ಚು ಎಂದು ಕೇಳಿದ್ದೇವೆ. ಅನುಮತಿ ಪಡೆಯುವುದು ಹೇಗೆ? ಅದು ಆಗದಿದ್ದರೆ ಅಷ್ಟೇ ನಿಶ್ಶಬ್ದವಾದ ಬೇರೆ ದಾರಿ ಇದೆಯೇ?
– ಓದುಗರು, ಮೈಸೂರು

ಉತ್ತರ: ಆ ದಾರಿಯ ಆಸೆಯನ್ನು ನೀವು ಬಿಡಬೇಕಾಗುತ್ತದೆ. ವೀರನಹೊಸಹಳ್ಳಿಯ ಗೇಟಿನಿಂದ ಕುಟ್ಟದ ಬಳಿಯ ನಾಣಚ್ಚಿ ಗೇಟಿನವರೆಗಿನ ರಸ್ತೆ ರಾಷ್ಟ್ರೀಯ ಉದ್ಯಾನದ ಒಡಲಿನಲ್ಲೇ ಸಾಗುತ್ತದೆ. ಹಗಲಿನಲ್ಲಿ ಕಾರು, ಜೀಪು, ಬಸ್ಸುಗಳನ್ನು ಬಿಡುತ್ತಾರೆಯೇ ಹೊರತು ದ್ವಿಚಕ್ರ ವಾಹನಗಳನ್ನು ಬಿಡುವುದಿಲ್ಲ. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಯಾರಿಗೂ ಪ್ರವೇಶವಿಲ್ಲ. ಗೇಟಿನಲ್ಲಿ ನಿಂತ ಸಿಬ್ಬಂದಿಯೊಡನೆ ವಾದಿಸಿ, ಪರಿಚಯದವರಿಂದ ಫೋನ್ ಮಾಡಿಸಿ ಒಳಗೆ ಹೋಗಲು ಯತ್ನಿಸಿದವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಏಕೆಂದರೆ ಒಳಗೆ ಏನಾದರೂ ಆದರೆ ಹುಡುಕಿಕೊಂಡು ಬರಬೇಕಾದವರು ಅದೇ ಸಿಬ್ಬಂದಿ.

ಇದು ಗೇಟಿನವರ ಮನಸ್ಸಿಗೆ ಬಂದಂತೆ ಮಾಡಿಕೊಂಡ ನಿಯಮವಲ್ಲ ಎಂಬುದನ್ನೂ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಮು ಅಭಯಾರಣ್ಯದೊಳಗೆ ಯಾರು ಹೋಗಬಹುದು ಎಂಬುದನ್ನು ಹೇಳುತ್ತದೆ, 35ನೇ ಕಲಮು ಅದನ್ನು ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತದೆ. ಕರ್ತವ್ಯದ ಮೇಲಿರುವ ನೌಕರರು, ಒಳಗೆ ಆಸ್ತಿಯ ಹಕ್ಕುಳ್ಳವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು ಮುಂತಾದ ಕೆಲವರನ್ನು ಬಿಟ್ಟು ಉಳಿದವರೆಲ್ಲ ಪರವಾನಗಿ ಪಡೆದೇ ಕಾಲಿಡಬೇಕು. ಸುಮಾರು 643 ಚದರ ಕಿಲೋಮೀಟರ್ ಹರಡಿರುವ, 1955ರಲ್ಲಿ ಅಭಯಾರಣ್ಯವಾಗಿ ಆರಂಭವಾಗಿ 1999ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಈ ಕಾಡಿನಲ್ಲಿ ಹಾದುಹೋಗುವ ರಸ್ತೆಯೆಂದರೆ ಹಾದುಹೋಗಲಿಕ್ಕೆ ಮಾತ್ರ ಇರುವ ರಸ್ತೆ. ನಿಲ್ಲಬಾರದು, ಇಳಿಯಬಾರದು. ಸೈಕಲ್ ಸವಾರನಾದರೋ ಏರು ಬಂದರೆ ಇಳಿಯುತ್ತಾನೆ, ಬಾಯಾರಿದರೆ ನಿಲ್ಲುತ್ತಾನೆ, ಚಕ್ರ ಪಂಕ್ಚರ್ ಆದರೆ ಅರ್ಧ ಗಂಟೆ ರಸ್ತೆಬದಿಯಲ್ಲೇ ಕುಳಿತಿರುತ್ತಾನೆ. ಆ ಅರ್ಧ ಗಂಟೆಯನ್ನು ನಾಗರಹೊಳೆಯ ನಡುವೆ ಕಳೆಯುವ ಧೈರ್ಯವನ್ನು ನಾನಂತೂ ಯಾರಿಗೂ ಕೊಡಲಾರೆ.

ಹುಣಸೂರಿನಿಂದ ಆನೆಚೌಕೂರು, ಮತ್ತಿಗೋಡು, ತಿತಿಮತಿ ಮಾರ್ಗವಾಗಿ ಗೋಣಿಕೊಪ್ಪಕ್ಕೆ ಬರುವ ರಸ್ತೆಯೂ ಕಾಡಿನಲ್ಲೇ ಇದೆ. ಅದು ಎಲ್ಲ ಬಗೆಯ ವಾಹನಗಳು ಓಡಾಡುವ ಮುಖ್ಯರಸ್ತೆ. ಆದರೆ ಅದರಲ್ಲಿ ನೀವು ಬಯಸುವ ನಿಶ್ಶಬ್ದವಿಲ್ಲ, ಬಸ್ಸು ಲಾರಿಗಳ ಭರಾಟೆ ಇದೆ. ಲಾರಿಗೆ ದಾರಿ ಬಿಡಲು ಪಕ್ಕಕ್ಕೆ ಸರಿದರೆ ಲಂಟಾನ ಪೊದೆಗೆ ಮೈ ತಾಗುವಷ್ಟು ಕಾಡು ರಸ್ತೆಗೆ ಒತ್ತಿಕೊಂಡಿದೆ. ಆದ್ದರಿಂದ ಸೈಕಲ್‌ಗಳನ್ನು ವಾಹನದ ಮೇಲೆ ಕಟ್ಟಿಕೊಂಡು ಗೋಣಿಕೊಪ್ಪದವರೆಗೆ ಬಂದುಬಿಡಿ ಎಂಬುದೇ ನನ್ನ ಸಲಹೆ. ನಿಮ್ಮ ಸವಾರಿ ಅಲ್ಲಿಂದ ಆರಂಭವಾಗಲಿ.

ಗೋಣಿಕೊಪ್ಪದಿಂದ ಪೊನ್ನಂಪೇಟೆ, ಹುದಿಕೇರಿ, ಶ್ರೀಮಂಗಲ ದಾಟಿ ಕುಟ್ಟಕ್ಕೆ ಸುಮಾರು 35 ಕಿ.ಮೀ. ಆಗುತ್ತದೆ. ನೀವು ಕೇಳಿದ ನೆರಳು, ಏರಿಳಿತ, ನಿಶ್ಶಬ್ದ ಮೂರೂ ಈ ದಾರಿಯಲ್ಲಿವೆ. ಪೊನ್ನಂಪೇಟೆ ಬಿಟ್ಟ ಮೇಲೆ ರಸ್ತೆಯ ಎರಡೂ ಬದಿಗೆ ರೊಬಸ್ಟಾ ಕಾಫಿ ತೋಟಗಳು, ಅವುಗಳ ಮೇಲೆ ಸಿಲ್ವರ್ ಓಕ್ ಮತ್ತು ಹಳೆಯ ಕಾಡುಮರಗಳ ನೆರಳು, ಆ ಮರಗಳಿಗೆ ಹಬ್ಬಿದ ಕಾಳುಮೆಣಸಿನ ಬಳ್ಳಿ. ತೋಟ ಮುಗಿದು ರಸ್ತೆ ಇಳಿದಲ್ಲೆಲ್ಲ ಒಮ್ಮೆಗೇ ಬಯಲು ತೆರೆದುಕೊಂಡು ಗದ್ದೆ ಕಾಣಿಸುತ್ತದೆ, ಗದ್ದೆಯ ಆಚೆ ದಡದಲ್ಲಿ ಒಂದು ಐನ್‌ಮನೆಯ, ಎಂದರೆ ಕೊಡವ ಕುಟುಂಬದ ಮೂಲಮನೆಯ ಹೆಂಚು, ಇನ್ನೊಂದು ಕಡೆ ಕೊಡಲಿ ತಾಗದ ದೇವರಕಾಡಿನ ದಟ್ಟ ಹಸಿರು. ಕೊಡಗಿನಲ್ಲಿ ಇಂಥ ದೇವರಕಾಡುಗಳು ಸಾವಿರಕ್ಕೂ ಹೆಚ್ಚಿವೆ. ಸೈಕಲ್‌ನಲ್ಲಿ ಹೋಗುವವರಿಗೆ ಅವು ಕಣ್ಣಿಗಿಂತ ಮೊದಲು ಮೈಗೆ ತಿಳಿಯುತ್ತವೆ, ಏಕೆಂದರೆ ಬಿಸಿಲಿನ ಗದ್ದೆಯ ಏರಿಯಿಂದ ಅವುಗಳ ಪಕ್ಕಕ್ಕೆ ಬಂದ ಕೂಡಲೇ ಗಾಳಿ ತಣ್ಣಗಾಗುತ್ತದೆ. ಅಲ್ಲಿ ನಿಂತು ನೀರು ಕುಡಿಯಬಹುದು, ಆದರೆ ಒಳಗೆ ಕಾಲಿಡಬೇಡಿ. ಊರಿನವರು ಸಹ ಹಬ್ಬದ ದಿನವಲ್ಲದೆ ಒಳಗೆ ಹೋಗುವುದಿಲ್ಲ.

ಶ್ರೀಮಂಗಲ ದಾಟಿದ ಮೇಲೆ ಇರ್ಪುವಿಗೆ ತಿರುಗುವ ದಾರಿ ಸಿಗುತ್ತದೆ. ಬ್ರಹ್ಮಗಿರಿಯಲ್ಲಿ ಹುಟ್ಟಿ ಬರುವ ಲಕ್ಷ್ಮಣತೀರ್ಥ ಅಲ್ಲಿ ಜಲಪಾತವಾಗಿ ಇಳಿದು, ಮುಂದೆ ನಿಮ್ಮ ಹುಣಸೂರನ್ನು ಹಾದು ಕಾವೇರಿಯನ್ನು ಸೇರುತ್ತದೆ. ನಾಗರಹೊಳೆಯ ನಡುವೆ ಹೋಗಲಾಗಲಿಲ್ಲ ಎಂಬ ಕೊರಗಿದ್ದರೆ, ಅದರ ಬದಲಿಗೆ ಲಕ್ಷ್ಮಣತೀರ್ಥದ ಈ ಜಲಪಾತಕ್ಕೆ ಹೋಗಿ ಬನ್ನಿ. ಇನ್ನೂ ಶಕ್ತಿಯಿದ್ದವರು ಟಿ. ಶೆಟ್ಟಿಗೇರಿಯಿಂದ ಬಿರುನಾಣಿಯ ಕಡೆಗೆ ತಿರುಗಬಹುದು. ಆ ರಸ್ತೆಯಲ್ಲಿ ಒಂದು ಗಂಟೆಗೆ ನಾಲ್ಕೈದು ವಾಹನ ಎದುರಾದರೆ ಹೆಚ್ಚು. ಆದರೆ ಏರು ಕಠಿಣ, ಅಂಗಡಿ ಅಪರೂಪ, ಫೋನ್ ಸಿಗ್ನಲ್ ಬಂದರೆ ಬಂತು.

ಭಾನುವಾರ ಗೋಣಿಕೊಪ್ಪದ ಸಂತೆ, ಅಂದು ಪಟ್ಟಣದೊಳಗೆ ಸೈಕಲ್ ತಳ್ಳಿಕೊಂಡು ಹೋಗಲೂ ಜಾಗ ಸಿಗದು. ವಾರದ ದಿನಗಳಲ್ಲಿ ಬೆಳಿಗ್ಗೆ ಎಂಟರ ಆಸುಪಾಸು ತೋಟದ ಕೆಲಸಗಾರರನ್ನು ತುಂಬಿಕೊಂಡ ಜೀಪುಗಳು ಕಿರಿದಾದ ತಿರುವುಗಳಲ್ಲಿ ಅವಸರದಿಂದ ಬರುತ್ತವೆ. ಒಂಬತ್ತಕ್ಕೆ ಹೊರಟರೆ ಅವೆಲ್ಲ ತೋಟ ಸೇರಿರುತ್ತವೆ, ರಸ್ತೆ ಮತ್ತೆ ನಿಮ್ಮದಾಗುತ್ತದೆ.

ಪ್ರಶ್ನೆ: ಹೊಗೆ ಬಿಡುವ, ಹಾರ್ನ್ ಬಾರಿಸುವ ಜೀಪು ಬಸ್ಸುಗಳಿಗೆ ಕಾಡಿನೊಳಗೆ ದಾರಿ ಇದೆ, ಸದ್ದೇ ಮಾಡದ ಸೈಕಲ್‌ಗೆ ಇಲ್ಲ. ಇದು ಅನ್ಯಾಯವಲ್ಲವೇ? ಪರಿಸರದ ಬಗ್ಗೆ ಬರೆಯುವ ನಿಮ್ಮಂಥವರು ಇದನ್ನು ಏಕೆ ಪ್ರಶ್ನಿಸುವುದಿಲ್ಲ?
– ಓದುಗರು, ಬೆಂಗಳೂರು

ಉತ್ತರ: ನಿಮ್ಮ ಪ್ರಶ್ನೆಯ ಅರ್ಧ ಭಾಗವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಕಾಡಿನ ರಸ್ತೆಗಳಲ್ಲಿ ವೇಗವಾಗಿ ಓಡುವ ವಾಹನಗಳಿಂದ ಪ್ರಾಣಿಗಳು ಸಾಯುತ್ತವೆ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಲ್ಲಿಸಿರುವುದು ಆ ಕಾರಣಕ್ಕೇ. ವಾಹನ ಇನ್ನೂ ಕಡಿಮೆಯಾಗಬೇಕು ಎಂಬುದು ನನ್ನ ಅಭಿಪ್ರಾಯವೂ ಹೌದು. ಆದರೆ ಸೈಕಲ್‌ನ ನಿಶ್ಶಬ್ದವನ್ನು ನೀವು ಅದರ ಗುಣವೆಂದು ಎಣಿಸಿದ್ದೀರಿ. ಆನೆಯ ಎದುರಿಗೆ ಅದು ಗುಣವಲ್ಲ. ನಾನೂ ಒಂದು ಕಾಲದಲ್ಲಿ ನಿಮ್ಮಂತೆಯೇ ಯೋಚಿಸುತ್ತಿದ್ದೆ. ಆ ಯೋಚನೆ ಬದಲಾದ ಬೆಳಗನ್ನು ಇಲ್ಲಿ ಹೇಳಿದರೆ ತಪ್ಪಾಗಲಾರದು.

ಅದು ಜನವರಿ ತಿಂಗಳು, ಕಾಫಿ ಕೊಯ್ಲಿನ ಕಾಲ. ತಿತಿಮತಿಯ ಕಡೆಯ ಒಂದು ತೋಟದ ರಸ್ತೆಯಲ್ಲಿ ಏಳೂಮುಕ್ಕಾಲರ ಹೊತ್ತಿಗೆ ಒಬ್ಬನೇ ಹೋಗುತ್ತಿದ್ದೆ. ಮಂಜು ಇನ್ನೂ ಪೂರ್ತಿ ಹರಿದಿರಲಿಲ್ಲ. ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಜಾರಿಕೊಂಡು ಬರುತ್ತಿದ್ದಾಗ ರಸ್ತೆಯ ನಡುವೆ ಆನೆಯ ಲದ್ದಿ ಕಾಣಿಸಿತು. ಲದ್ದಿ ಕಂಡರೆ ನಮ್ಮಲ್ಲಿ ಯಾರೂ ಬೆಚ್ಚಿಬೀಳುವುದಿಲ್ಲ. ಆದರೆ ಅದರಿಂದ ಹಬೆ ಏಳುತ್ತಿತ್ತು. ಒಡೆದ ಉಂಡೆಯೊಂದರಲ್ಲಿ ಕಾಫಿ ಬೀಜಗಳು ಬೆಳ್ಳಗೆ, ಹೊಟ್ಟು ಕೂಡ ಬಿಡದೆ, ಹಾಗೆಯೇ ಕಾಣುತ್ತಿದ್ದವು. ಹಣ್ಣು ಕಾಫಿಯನ್ನು ತಿನ್ನಲು ಕಲಿತ ಆನೆಗಳು ನಮ್ಮ ಕಡೆ ಹಲವಿವೆ. ಸೈಕಲ್ ನಿಲ್ಲಿಸಿ ಕಿವಿಗೊಟ್ಟೆ, ಏನೂ ಕೇಳಿಸಲಿಲ್ಲ. ಎಡಗಡೆ ಬೇಲಿಯಾಚೆ, ಸಿಲ್ವರ್ ಓಕ್‌ನ ಹಿಂದೆ ಒಂದು ಕಪ್ಪು ಬಂಡೆಯಿತ್ತು. ಆ ಬಂಡೆ ಒಮ್ಮೆ ಕಿವಿ ಬೀಸಿತು. ನನಗೂ ಅದಕ್ಕೂ ನಡುವೆ ಮೂವತ್ತು ಮಾರು ಕೂಡ ಇರಲಿಲ್ಲ.

ನಾನು ಸೈಕಲ್ ತಿರುಗಿಸಲಿಲ್ಲ, ತಿರುಗಿಸಿದರೆ ಸರಪಳಿಯ ಸದ್ದಾದೀತು ಎಂದು ಹೆದರಿಕೆಯಾಯಿತು. ಅದನ್ನು ಹಿಡಿದುಕೊಂಡೇ ಹಿಮ್ಮುಖವಾಗಿ ತಿರುವಿನವರೆಗೆ ಸರಿದೆ. ಅಲ್ಲಿ ತೋಟದ ಕಾವಲುಗಾರರೊಬ್ಬರು ಕೆಲಸಗಾರರನ್ನು ತಡೆದು ನಿಲ್ಲಿಸಿದ್ದರು. ನನ್ನನ್ನು ಕಂಡು ಅವರಿಗೆ ನನಗಿಂತ ಹೆಚ್ಚು ಗಾಬರಿಯಾಗಿತ್ತು. "ಸಾರ್, ಜೀಪು ಬರೋದು ಅದಕ್ಕೆ ಅಷ್ಟು ದೂರದಿಂದಲೇ ಗೊತ್ತಾಗುತ್ತೆ, ಬೇಡ ಅಂದ್ರೆ ಒಳಗೆ ಹೋಗುತ್ತೆ. ನಿಮ್ಮ ಗಾಡಿಗೆ ಸದ್ದೇ ಇಲ್ಲ. ನೀವು ಮೈಮೇಲೆ ಬಂದ ಮೇಲೆ ಗೊತ್ತಾದ್ರೆ ಅದೇನ್ ಮಾಡ್ಬೇಕು ಹೇಳಿ" ಎಂದರು.

ಅವರು ಕೇಳಿದ್ದು ಆನೆಯ ಪರವಾದ ಪ್ರಶ್ನೆ. ಆನೆಯ ದೃಷ್ಟಿ ಅಷ್ಟು ಚುರುಕಲ್ಲ, ಅದು ಲೋಕವನ್ನು ಹೆಚ್ಚಾಗಿ ಮೂಗು ಮತ್ತು ಕಿವಿಗಳಿಂದ ಅರಿಯುತ್ತದೆ. ಗಾಳಿ ಆನೆಯ ಕಡೆಯಿಂದ ನಮ್ಮ ಕಡೆಗೆ ಬೀಸುತ್ತಿದ್ದರೆ ನಮ್ಮ ವಾಸನೆ ಅದಕ್ಕೆ ತಲುಪದು, ಇಳಿಜಾರಿನಲ್ಲಿ ಜಾರಿ ಬರುವ ಸೈಕಲ್‌ನ ಸದ್ದೂ ಕೇಳದು. ಸರಿದುಹೋಗಲು ಸಮಯ ಸಿಗದ ಪ್ರಾಣಿ, ಅದರಲ್ಲೂ ಜೊತೆಯಲ್ಲಿ ಮರಿಯಿದ್ದರೆ, ಎದುರಿಗೆ ಬರುತ್ತದೆ. ಅಲ್ಪ ದೂರಕ್ಕೆ ಏಷ್ಯಾದ ಆನೆ ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲಿ ಬರಬಲ್ಲುದು. ಏರಿನಲ್ಲಿ ನೀವೂ ನಾನೂ ಹತ್ತು ಕಿ.ಮೀ. ವೇಗ ದಾಟುವುದಿಲ್ಲ. ಅಂಥ ಘಟನೆ ನಡೆದರೆ ಸವಾರನ ಗತಿ ಒಂದಾದರೆ, "ಪುಂಡಾನೆ" ಎಂದು ಹೆಸರು ಹೊತ್ತು ಸೆರೆಯಾಗುವ ಆನೆಯ ಗತಿ ಇನ್ನೊಂದು. ಆದ್ದರಿಂದ ಈ ನಿಯಮದಲ್ಲಿ ನನಗೆ ಅನ್ಯಾಯ ಕಾಣುವುದಿಲ್ಲ. ನಮ್ಮ ನಿಶ್ಶಬ್ದದ ಸುಖಕ್ಕಾಗಿ ಅವುಗಳ ಮನೆಯೊಳಗೆ ಸದ್ದಿಲ್ಲದೆ ನುಗ್ಗುವ ಹಕ್ಕನ್ನು ನಾನು ಕೇಳಲಾರೆ.

ಪ್ರಶ್ನೆ: ಉದ್ಯಾನದ ಹೊರಗಿನ ತೋಟದ ರಸ್ತೆಗಳಲ್ಲೂ ಆನೆ ಬರುತ್ತದೆ ಎನ್ನುತ್ತಾರೆ. ಹಾಗಾದರೆ ಸೈಕಲ್ ಸವಾರರು ಯಾವ ಎಚ್ಚರಿಕೆ ವಹಿಸಬೇಕು? ನಾವು ಮಹಿಳೆಯರ ಒಂದು ಚಿಕ್ಕ ತಂಡ, ಮುಂಜಾನೆ ಐದೂವರೆಗೆ ಹೊರಡುವುದು ನಮ್ಮ ರೂಢಿ.
– ಓದುಗರು, ಹಾಸನ

ಉತ್ತರ: ಮೊದಲು ಆ ಐದೂವರೆಯನ್ನು ಬದಲಿಸಿ. ರಾತ್ರಿ ತೋಟಕ್ಕೋ ಗದ್ದೆಗೋ ಇಳಿದ ಆನೆಗಳು ಕಾಡಿಗೆ ಮರಳುವ ಹೊತ್ತು ಅದು. ಕೆಲವು ಹಿಂಡುಗಳು ಮರಳದೆ ತೋಟದಲ್ಲೇ ಹಗಲು ಕಳೆಯುತ್ತವೆ. ಕೊಡಗಿನಲ್ಲಿ ಬಿಸಿಲು ರಸ್ತೆಗೆ ಬಿದ್ದು, ಜನ ಓಡಾಡತೊಡಗಿದ ಮೇಲೆ, ಅಂದರೆ ಎಂಟೂವರೆ ಒಂಬತ್ತಕ್ಕೆ ಹೊರಟು, ಸಂಜೆ ನಾಲ್ಕೂವರೆಯ ಒಳಗೆ ತಂಗುವ ಊರು ಸೇರಿಬಿಡಿ. ಇಲ್ಲಿನ ಹವೆಗೆ ನಡುಹಗಲಿನಲ್ಲೂ ಸೈಕಲ್ ತುಳಿಯುವುದು ಕಷ್ಟವಲ್ಲ.

ಎರಡನೆಯದಾಗಿ, ಎಲ್ಲಿ ಹೋಗಬಾರದು ಎಂಬುದು ತಿಳಿದಿರಬೇಕು. ನಾಗರಹೊಳೆಗೂ ದುಬಾರೆ, ಮಾಲ್ದಾರೆ ಕಾಡುಗಳಿಗೂ ಅಂಟಿಕೊಂಡ ಪೂರ್ವದ ಅಂಚು, ಎಂದರೆ ಸಿದ್ದಾಪುರ, ಮಾಲ್ದಾರೆ, ಚೆನ್ನಂಗಿ, ತಿತಿಮತಿ, ಬಾಳೆಲೆ ಸುತ್ತಿನ ಒಳರಸ್ತೆಗಳು ನೋಡಲು ಎಷ್ಟೇ ಚೆಂದವಿದ್ದರೂ ಹೊರಗಿನಿಂದ ಬಂದ ಸೈಕಲ್ ತಂಡಕ್ಕೆ ತಕ್ಕವಲ್ಲ. ಅಲ್ಲಿ ಕಾಡಂಚಿನಲ್ಲಿ ಆನೆ ಕಂದಕ, ಸೋಲಾರ್ ಬೇಲಿ, ಹಳೆಯ ರೈಲ್ವೆ ಕಂಬಿಗಳ ತಡೆಗೋಡೆ ಎಲ್ಲವನ್ನೂ ಮಾಡಿದ್ದಾರೆ. ಇಷ್ಟನ್ನೆಲ್ಲ ಮಾಡಬೇಕಾಗಿ ಬಂದ ಜಾಗ ಎಂಥದೆಂಬುದನ್ನು ನೀವೇ ಊಹಿಸಬಹುದು. ಕುಶಾಲನಗರ ಮತ್ತು ಸುಂಟಿಕೊಪ್ಪದ ನಡುವಿನ ಆನೆಕಾಡು, ಚೆಟ್ಟಳ್ಳಿಯಿಂದ ಕುಶಾಲನಗರಕ್ಕೆ ಇಳಿಯುವಾಗ ಸಿಗುವ ಮೀನುಕೊಲ್ಲಿ ಕಾಡು, ಇವನ್ನೂ ಮುಂಜಾನೆ ಮುಸ್ಸಂಜೆಗಳಲ್ಲಿ ದಾಟಬೇಡಿ. ಪಶ್ಚಿಮದ ರಸ್ತೆಗಳಲ್ಲಿ ಆನೆಯೇ ಇಲ್ಲವೆಂದಲ್ಲ, ಅಲ್ಲಿ ಎದುರಾಗುವ ಸಂದರ್ಭ ಕಡಿಮೆ.

ಹೊರಡುವ ಮುನ್ನ ಚಹಾ ಅಂಗಡಿಯಲ್ಲಿ "ಈ ದಾರಿಯಲ್ಲಿ ಆನೆ ಉಂಟಾ?" ಎಂದು ಕೇಳುವುದು ಅತ್ಯಂತ ನಂಬಲರ್ಹವಾದ ಮುನ್ಸೂಚನೆ. ನಿನ್ನೆ ರಾತ್ರಿ ಯಾರ ಬಾಳೆ ಹೋಯಿತು, ಎಷ್ಟು ಆನೆ, ಮರಿಯಿದೆಯೇ ಎಂಬುದೆಲ್ಲ ಬೆಳಿಗ್ಗೆ ಏಳರ ಒಳಗೆ ಆ ಅಂಗಡಿಗೆ ತಲುಪಿರುತ್ತದೆ. ದಾರಿಯಲ್ಲಿ ಹಸಿ ಲದ್ದಿ, ಆಗಷ್ಟೇ ಮುರಿದ ಬೈನೆ ಅಥವಾ ಬಿದಿರು, ತೋಟದ ಕೆಲಸಗಾರರ ಲೈನ್ ಮನೆಗಳ ನಾಯಿಗಳ ಎಡೆಬಿಡದ ಬೊಗಳಾಟ, ದೂರದಲ್ಲಿ ಪಟಾಕಿಯ ಸದ್ದು, ಇವುಗಳಲ್ಲಿ ಒಂದು ಕಂಡರೂ ಕೇಳಿದರೂ ನಿಂತು ವಿಚಾರಿಸಿ. ಕಾಣದ ತಿರುವು ಬರುವಾಗ ಬೆಲ್ ಬಾರಿಸಿ, ಅಥವಾ ಪರಸ್ಪರ ಗಟ್ಟಿಯಾಗಿ ಮಾತನಾಡಿಕೊಂಡು ಬನ್ನಿ. ಕಿವಿಗೆ ಇಯರ್‌ಫೋನ್ ಖಂಡಿತ ಬೇಡ. ಆನೆ ಕಣ್ಣಿಗೆ ಬಿದ್ದ ಮೇಲೆ ಮಾತ್ರ ಬೆಲ್ಲೂ ಬೇಡ, ಕೂಗೂ ಬೇಡ, ಫೋಟೊ ಅಂತೂ ಬೇಡವೇ ಬೇಡ. ಬಂದ ದಾರಿಯಲ್ಲೇ ಹಿಂದಿರುಗಿ ಮನೆಯೋ ಅಂಗಡಿಯೋ ಸಿಗುವವರೆಗೆ ಹೋಗಿ ಕಾಯಿರಿ. ಒಂದು ಗಂಟೆಯೂ ಆಗಬಹುದು. ಅಟ್ಟಿಸಿಕೊಂಡು ಬಂದೇಬಿಟ್ಟರೆ ಸೈಕಲ್ಲನ್ನು ಅಲ್ಲೇ ಎಸೆದುಬಿಡಿ. ಅದರ ಬೆಲೆ ಎಷ್ಟೇ ಆಗಿರಲಿ, ಆ ಹೊತ್ತಿನಲ್ಲಿ ಅದು ಲೆಕ್ಕಕ್ಕೆ ಬರಬಾರದು.

ಪ್ರಶ್ನೆ: ಮಡಿಕೇರಿಯಿಂದ ತಲಕಾವೇರಿಗೆ ಹೋಗಿ ಒಂದೇ ದಿನದಲ್ಲಿ ಸೈಕಲ್‌ನಲ್ಲಿ ಮರಳಬಹುದೇ?
– ಓದುಗರು, ಸುಳ್ಯ

ಉತ್ತರ: ಅಭ್ಯಾಸವಿರುವವರಿಗೆ ಸಾಧ್ಯ, ಆದರೆ ನಾನು ಎರಡು ದಿನವೆಂದೇ ಹೇಳುತ್ತೇನೆ. ಮಡಿಕೇರಿಯಿಂದ ಭಾಗಮಂಡಲಕ್ಕೆ ಸುಮಾರು 40 ಕಿ.ಮೀ., ಅಲ್ಲಿಂದ ತಲಕಾವೇರಿಗೆ ಇನ್ನೂ ಎಂಟು. ಮೊದಲ ಭಾಗದಲ್ಲಿ ಇಳಿತವೇ ಹೆಚ್ಚಾದ್ದರಿಂದ ಹೋಗುವಾಗ ಉತ್ಸಾಹ ಏರಿರುತ್ತದೆ. ಕೊನೆಯ ಎಂಟು ಕಿ.ಮೀ. ಮಾತ್ರ ಸಮುದ್ರಮಟ್ಟದಿಂದ 1,276 ಮೀಟರ್ ಎತ್ತರದ ತಲಕಾವೇರಿಯವರೆಗೆ ಬಿಡದೆ ಏರುತ್ತದೆ, ಮತ್ತು ಮರಳುವಾಗ ಬೆಳಗಿನ ಇಳಿತಗಳೆಲ್ಲ ಏರುಗಳಾಗಿ ಎದುರು ನಿಂತಿರುತ್ತವೆ. ಭಾಗಮಂಡಲದಲ್ಲಿ ತಂಗಿ, ಮರುದಿನ ಬೆಳಿಗ್ಗೆ ಹಗುರವಾದ ಚೀಲದೊಂದಿಗೆ ಬೆಟ್ಟ ಏರಿ ಬನ್ನಿ. ಅಕ್ಟೋಬರ್ 17ರ ಸುಮಾರಿಗೆ ಬರುವ ತುಲಾ ಸಂಕ್ರಮಣದ ದಿನಗಳಲ್ಲಿ ತೀರ್ಥೋದ್ಭವಕ್ಕೆ ಬರುವ ಜನರಿಂದ ಆ ರಸ್ತೆ ತುಂಬಿರುತ್ತದೆ. ಆಗ ಹೋಗುವುದಾದರೆ ಭಕ್ತರಾಗಿ ಬಸ್ಸಿನಲ್ಲಿ ಹೋಗಿ.

ಪ್ರಶ್ನೆ: ಮಳೆಗಾಲದ ಕೊಡಗನ್ನು ಸೈಕಲ್ ಮೇಲೆ ನೋಡಬೇಕೆಂದಿದೆ. ಜುಲೈನಲ್ಲಿ ಬರಬಹುದೇ?
– ಓದುಗರು, ದಾವಣಗೆರೆ

ಉತ್ತರ: ಬರಬೇಡಿ. ಜುಲೈ ನಡುವಿನಲ್ಲಿ ಆರಂಭವಾಗುವ ಕಕ್ಕಡ ತಿಂಗಳಿನಲ್ಲಿ ನಾವೇ ಅಗತ್ಯವಿಲ್ಲದೆ ಹೊರಗೆ ಹೋಗುವುದಿಲ್ಲ. ತೋಟದ ನೆರಳಿನ ರಸ್ತೆಗಳಲ್ಲಿ ಡಾಂಬರಿನ ಮೇಲೆಯೇ ತೆಳುವಾಗಿ ಪಾಚಿ ಕಟ್ಟುತ್ತದೆ. ರಿಮ್‌ಗೆ ಹಿಡಿಯುವ ಬ್ರೇಕು ನೆನೆದರೆ ಇಳಿಜಾರಿನಲ್ಲಿ ಹಿಡಿತ ತಪ್ಪುತ್ತದೆ. ಇದರ ಮೇಲೆ ಮರ ಬೀಳುವುದು, ಮಣ್ಣು ಕುಸಿಯುವುದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟಗಳೇ ಜಾರಿ ಬಂದು ಮನೆ ಮಠ ಕಳೆದುಕೊಂಡವರು ನಮ್ಮ ನಡುವೆ ಇದ್ದಾರೆ. ಅಂಥ ದಿನಗಳಲ್ಲಿ ರಕ್ಷಣೆಯ ಕೆಲಸದವರಿಗೆ ಇನ್ನೊಂದು ಹೊರೆಯಾಗುವುದು ಯಾರಿಗೂ ಬೇಡ. ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗಿನ ಕಾಲ ಸೈಕಲ್‌ಗೆ ಹೇಳಿಮಾಡಿಸಿದ್ದು. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ಒಮ್ಮೆಗೇ ಅರಳುತ್ತದೆ, ಮಲ್ಲಿಗೆಯಂಥ ಆ ಪರಿಮಳದಲ್ಲಿ ಹತ್ತು ಕಿ.ಮೀ. ತುಳಿದವರು ಕಾರಿನ ಗಾಜು ಏರಿಸಿಕೊಂಡು ಕೊಡಗಿಗೆ ಬರಲು ಮತ್ತೆ ಇಷ್ಟಪಡಲಾರರು. ಆದರೆ ಹೂವು ನಿಲ್ಲುವುದು ಮೂರ್ನಾಲ್ಕು ದಿನ ಮಾತ್ರ, ಆದ್ದರಿಂದ ಇಲ್ಲಿ ಪರಿಚಯದವರಿದ್ದರೆ ಮಳೆ ಬಿದ್ದ ದಿನವೇ ತಿಳಿಸಲು ಹೇಳಿಡಿ.

ಪ್ರಶ್ನೆ: ನನ್ನದು ಗೇರ್ ಇಲ್ಲದ ಹಳೆಯ ಸೈಕಲ್. ನಾಪೋಕ್ಲುವಿನಲ್ಲಿ ಮಗಳ ಮನೆಯಿದೆ, ವರ್ಷಕ್ಕೊಮ್ಮೆ ಬಂದು ಒಂದು ವಾರ ಇರುತ್ತೇನೆ. ವಯಸ್ಸು ಅರವತ್ತೆರಡು. ಅಲ್ಲಿಂದ ಹೋಗಿ ಬರುವಂಥ ದಾರಿ ಹೇಳಿ.
– ಓದುಗರು, ಮಂಡ್ಯ

ಉತ್ತರ: ಕಕ್ಕಬ್ಬೆಯ ದಾರಿ ಹಿಡಿಯಿರಿ. ಗದ್ದೆ, ತೋಟ, ಹಳ್ಳಗಳನ್ನು ದಾಟುತ್ತ ಸಾಗುವ ಆ ರಸ್ತೆ ಕಕ್ಕಬ್ಬೆಯವರೆಗೆ ಗೇರ್ ಇಲ್ಲದ ಸೈಕಲ್‌ಗೂ ಒಗ್ಗುತ್ತದೆ. ಏರು ಬಂದಲ್ಲಿ ಇಳಿದು ತಳ್ಳಿ, ಅದರಲ್ಲಿ ಸಂಕೋಚವೇನೂ ಬೇಡ, ಗೇರ್ ಇರುವವರೂ ತಳ್ಳುತ್ತಾರೆ. ಹೊರಡುವ ಮುನ್ನ ಎರಡೂ ಬ್ರೇಕಿನ ರಬ್ಬರು ಹೊಸದು ಹಾಕಿಸಿಕೊಳ್ಳಿ, ಏಕೆಂದರೆ ಹಳೆಯ ಸೈಕಲ್‌ಗೆ ಕೊಡಗಿನಲ್ಲಿ ಏರಿಗಿಂತ ಇಳಿತವೇ ಪರೀಕ್ಷೆ. ಕಕ್ಕಬ್ಬೆಯಿಂದ ಮುಂದೆ ದೊಡ್ಡವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ ನಾಲ್ಕುನಾಡು ಅರಮನೆಯಿದೆ. ಅದರ ಬೆನ್ನಿಗೆ ಕೊಡಗಿನಲ್ಲೇ ಅತಿ ಎತ್ತರದ, 1,748 ಮೀಟರ್‌ನ ತಡಿಯಂಡಮೋಳ್ ನಿಂತಿದೆ. ಅರಮನೆಯ ಕಡೆಯ ಏರು ಸ್ವಲ್ಪ ಬಿಗಿ. ಸೈಕಲ್ಲನ್ನು ಕೆಳಗೆ ಅಂಗಡಿಯವರಲ್ಲಿ ಬಿಟ್ಟು, ಮರದ ಕಂಬಗಳ ಆ ಹಳೆಯ ಜಗಲಿಯವರೆಗೆ ನಡೆದೇ ಹೋಗಿ. ಬಿಡುವಾಗ ಅಂಗಡಿಯವರಿಗೆ ಮರಳುವ ಹೊತ್ತನ್ನು ಹೇಳಿಹೋಗಿ. ತಡವಾದರೆ ಅವರು ದಾರಿ ನೋಡುತ್ತಾರೆ, ಮಗಳ ಮನೆಯ ನಂಬರನ್ನೂ ಕೇಳಿ ಬರೆದಿಟ್ಟುಕೊಂಡಿರುತ್ತಾರೆ.